ಹತ್ತೊಂಬತ್ತನೇ ಪೋರ್ಟ್

ಜೂನ್ 3, ಮಂಗಳವಾರ

ಬೆಳಿಗ್ಗೆ ಕರೆಂಟ್ ಹೋಯಿತು. ನಂದಿದುರ್ಗದ ಲೈನಿನಲ್ಲಿ, ಅಂದರೆ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ನೆಟ್ ಹೋಯಿತು. ಕರೆಂಟ್ ಬಂತು, ನೆಟ್ ಬರಲಿಲ್ಲ. ಆಫೀಸಿನ ಫೋನ್ ಕೆಳಗಿಡಲು ಆಗಲಿಲ್ಲ.

ಇಂಥ ಹೊತ್ತಿಗೆಂದು ನಮ್ಮ ಇಂಟರ್ನೆಟ್ ಆಫೀಸಿನ ಓನರ್ ಸೆಲ್ವರಾಜ್ ಅಣ್ಣ ಒಂದು ಉತ್ತರ ಕಲಿಸಿದ್ದಾರೆ: "ಕೇಬಲ್ ಕಟ್ ಆಗಿದೆ, ಹುಡುಗ್ರು ನೋಡ್ತಾ ಇದಾರೆ." ಕೇಬಲ್ ಕಟ್ ಆಗಿರಲಿಲ್ಲ. ಹುಡುಗರು ಎಂದರೆ ಲೈನ್ ಕೆಲಸದ ಮುನೀಂದ್ರಣ್ಣ ಒಬ್ಬರೇ, ಅವರಿಗೆ ಐವತ್ತು ದಾಟಿದೆ, ಆಗ ಎದುರುಗಡೆ ಟೀ ಕುಡಿಯುತ್ತಿದ್ದರು. ಅದಕ್ಕೆ ನಾನು ಫೋನ್ ಮಾಡಿದವರಿಗೆಲ್ಲ ಇದ್ದದ್ದನ್ನೇ ಹೇಳಿದೆ. "ನೀವು ಯಾರು ಅನ್ನೋದು ನಮ್ಮ ಸ್ವಿಚ್ಚಿಗೆ ಮರೆತುಹೋಗಿದೆ. ನಿಮ್ಮನೆ ರೂಟರ್ ಆರಿಸಿ ಮತ್ತೆ ಹಾಕಿ, ನೆನಪು ಬರುತ್ತೆ."

ಸೆಲ್ವರಾಜ್ ಅಣ್ಣ ಒಳಗಿನಿಂದ ಎದ್ದು ಬಂದರು. "ಏನಮ್ಮಾ ಕಲ್ಪನ, ಅಂಗಡಿ ಮುಚ್ಚಿಸ್ತೀಯಾ? ಮರೆತುಹೋಗಿದೆ ಅಂತ ಯಾರಾದ್ರೂ ಹೇಳ್ತಾರಾ? ಸ್ವಿಚ್ ಏನು ನಿಮ್ಮ ತಾತನಾ?"

"ಮರೆತಿರೋದು ನಿಜ ತಾನೆ ಅಣ್ಣ?"

"ನಿಜ ಅಂತ ಮೈಕ್ ಹಾಕ್ಕೊಂಡು ಕೂಗ್ಬೇಕಾ?"

ನನಗೇ ಸರಿಯಾಗಿ ಅರ್ಥವಾಗಲಿ ಎಂದು ಬರೆದಿಡುತ್ತೇನೆ. ಲೈನಿನ ತುದಿಯಲ್ಲಿ ಮುಚ್ಚಿದ ರೇಷನ್ ಅಂಗಡಿ ಇದೆ. ಅದರ ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆಯೊಳಗೆ ಎಲ್ಲ ಮನೆಗಳಿಗೂ ನೆಟ್ ಹಂಚುವ ನಮ್ಮ ಸ್ವಿಚ್ ಇದೆ. ಅದರಲ್ಲಿ ಇಪ್ಪತ್ತನಾಲ್ಕು ಪೋರ್ಟ್, ಅಂದರೆ ವೈರು ಚುಚ್ಚುವ ತೂತು, ಒಂದೊಂದಕ್ಕೆ ಒಂದೊಂದು ಮನೆಯ ವೈರು. ಯಾವ ಮನೆಯ ರೂಟರ್ ಯಾವ ವಿಳಾಸ ಪಡೆಯಿತು, ಯಾವ ಪೋರ್ಟಿನಲ್ಲಿದೆ, ಎಲ್ಲಿಯವರೆಗೆ ಅದು ಚಾಲ್ತಿ ಎಂದು ಸ್ವಿಚ್ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಇದಕ್ಕೆ ಡಿಎಚ್‌ಸಿಪಿ ಸ್ನೂಪಿಂಗ್ ಎನ್ನುತ್ತಾರೆ. ಮೊದಲು ಇದು ಇರಲಿಲ್ಲ. ಹೋದ ವರ್ಷ ಯಾರೋ ತಮ್ಮ ರೂಟರಿನ ತಪ್ಪು ತೂತಿಗೆ ವೈರು ಚುಚ್ಚಿ, ಆ ರೂಟರೇ ಇಡೀ ಲೈನಿಗೆ ಸುಳ್ಳು ವಿಳಾಸ ಹಂಚಿ, ಎರಡು ದಿನ ಯಾರಿಗೂ ನೆಟ್ ಇರಲಿಲ್ಲವಂತೆ. ಆಮೇಲೆ ಹಾಕಿದ್ದು.

ತೊಂದರೆ ಏನೆಂದರೆ, ಪಟ್ಟಿ ಇರುವುದು ಸ್ವಿಚ್ಚಿನ ತಲೆಯಲ್ಲಿ ಮಾತ್ರ. ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಮನೆಯ ರೂಟರುಗಳಿಗೆ ಪುಟ್ಟ ಬ್ಯಾಟರಿ ಇರುತ್ತದೆ, ಅವು ಆರುವುದಿಲ್ಲ; ಮನೆಗೂ ಸ್ವಿಚ್ಚಿಗೂ ನಡುವೆ ಇನ್ನೊಂದು ಸಣ್ಣ ಡಬ್ಬಿ ಇರುವುದರಿಂದ, ಈ ಕಡೆ ಸ್ವಿಚ್ ಸತ್ತು ಹುಟ್ಟಿದ್ದು ಮನೆಯ ರೂಟರಿಗೆ ಗೊತ್ತೇ ಆಗುವುದಿಲ್ಲ. ಅದು ಹಳೆಯ ವಿಳಾಸ ಹಿಡಿದುಕೊಂಡು ಬಾಗಿಲು ತಟ್ಟುತ್ತಲೇ ಇರುತ್ತದೆ.

ಪೆಟ್ಟಿಗೆಯಲ್ಲಿ ಬ್ಯಾಟರಿ ಇಟ್ಟರೆ ಆಯಿತಲ್ಲ ಎಂದೆ. ಇಟ್ಟಿದ್ದರಂತೆ, ಎರಡು ಸಲ. ಎರಡು ಸಲವೂ ಕಳ್ಳತನವಾಯಿತು.

ಈ ತಿಂಗಳು ಮುಗಿದ ಮೇಲೆ ಈ ಕೆಲಸ ಬಿಡುತ್ತೇನೆ.

ಜೂನ್ 5, ಗುರುವಾರ

ಮುನೀಂದ್ರಣ್ಣನ ಸ್ಕೂಟರಿನಲ್ಲಿ ನಂದಿದುರ್ಗಕ್ಕೆ ಹೋದೆ. ನಾಲ್ಕನೇ ಮನೆಯ ಇಂದ್ರಾಣಿಯವರ ದೂರು. ರೂಟರ್ ಆರಿಸಿ ಹಾಕಿ ಎಂದು ಫೋನಿನಲ್ಲಿ ಹೇಳಿದ್ದಕ್ಕೆ, ಆಗಲ್ಲ, ಬಂದು ನೋಡಿ ಎಂದಿದ್ದರು.

ನಿಜಕ್ಕೂ ಆಗುವುದಿಲ್ಲ. ರೂಟರ್ ಅವರ ಕಂಪನಿಯದು. ಬೆಂಗಳೂರಿನ ಯಾವುದೋ ಕಂಪನಿಗೆ ಮನೆಯಿಂದಲೇ ಆಸ್ಪತ್ರೆ ಬಿಲ್ಲುಗಳನ್ನು ನೋಡಿ ವಿಮೆಗೆ ಕಳಿಸುವ ಕೆಲಸ. ರೂಟರ್ ಆರಿಸಿ ಹಚ್ಚಿದರೆ ಅದು ಬೀಗ ಹಾಕಿಕೊಳ್ಳುತ್ತದೆ, ಕಂಪನಿಯವರೇ ಅಲ್ಲಿಂದ ತೆರೆಯಬೇಕು. ಅದಕ್ಕೆ ಅರ್ಧ ದಿನ. ಮೊನ್ನೆ ಹಾಗೇ ಆಗಿ ಅವರಿಗೆ ಎಚ್ಚರಿಕೆ ಬಂದಿದೆ.

ಒಳಗೆ ಮಂಚದ ಮೇಲೆ ಅವರ ಅಪ್ಪ ಪೆರುಮಾಳ್ ತಾತ ಕೂತಿದ್ದರು. ಗಣಿಯ ಧೂಳು ಕುಡಿದ ಎದೆ. ಮೂಗಿಗೆ ನಳಿಗೆ, ಪಕ್ಕದಲ್ಲಿ ಗುರ್ ಎನ್ನುವ ಆಕ್ಸಿಜನ್ ಮೆಷಿನ್. ದಿನಕ್ಕೆ ಎಷ್ಟೋ ಸಲ ಯಾರಾದರೂ ಎತ್ತಿ ಕೂರಿಸಬೇಕು, ಕರೆಂಟ್ ಹೋದರೆ ಸಿಲಿಂಡರಿಗೆ ಬದಲಿಸಬೇಕು. ಇಂದ್ರಾಣಿ ಮೊದಲು ಉರಿಗಾಂ ಸ್ಟೇಷನ್ನಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬರುತ್ತಿದ್ದರಂತೆ. ತಾತ ಹೀಗಾದ ಮೇಲೆ ಬೇಡಿಕೊಂಡು ಮನೆಯಿಂದ ಕೆಲಸ ಮಾಡುವ ಅನುಮತಿ ತಗೊಂಡಿದ್ದಾರೆ.

"ಇನ್ನೆರಡು ಸಲ ಕಟ್ ಆದ್ರೆ ಬೆಂಗಳೂರಿಗೆ ಬಂದು ಕೂತ್ಕೋ, ಇಲ್ಲಾಂದ್ರೆ ಬಿಡು ಅಂತಾರಮ್ಮ. ಇವರನ್ನ ಯಾರ ಹತ್ರ ಬಿಟ್ಟು ಹೋಗಲಿ? ಇನ್ನೊಂದ್ಸಲ ಹೀಗೆ ಆಗುತ್ತಾ?" ಎಂದು ಕೇಳಿದರು.

"ಆಗುತ್ತೆ ಅಕ್ಕ," ಎಂದೆ. "ಕರೆಂಟ್ ಹೋದಾಗೆಲ್ಲ ಆಗುತ್ತೆ. ನಮ್ಮೋರು ಸರಿ ಮಾಡಲ್ಲ."

ಅವರು ಬಾಗಿಲು ಹಾಕಿಕೊಂಡರು. ಕೇಳಿದರು, ಹೇಳಿದೆ. ಅದರಲ್ಲಿ ಕೋಪ ಮಾಡಿಕೊಳ್ಳುವುದೇನಿದೆ?

ವಾಪಸ್ ಬರುವಾಗ ಮುನೀಂದ್ರಣ್ಣ ಪೆಟ್ಟಿಗೆ ತೆರೆದು ತೋರಿಸಿದರು. ವೈರುಗಳು ಕಾಗೆ ಗೂಡಿನ ಹಾಗಿವೆ. "ನಾನಾಕ್ದಾಗ ಒಂದನೇ ಮನೆ ಒಂದನೇ ಪೋರ್ಟು, ಎರಡನೇದು ಎರಡಕ್ಕೆ, ಇಂಗೆ ಸಾಲಾಗಿ ಇತ್ತು. ಲೈನ್‌ನಾಗೆ ಯಾರಾದ್ರೂ ಸತ್ರೆ ಊವಿನ ಪಲ್ಲಕ್ಕಿ ಎತ್ತರ ಕಟ್ತಾರೆ. ಓಣಿ ಮೇಲಿನ ವೈರ್ ಇಳಿಸ್ಬೇಕು. ಬ್ಯಾಡ ಅನ್ನಕಾಗ್ತದಾ? ಎಣ ಓದ್ಮೇಲೆ ಯಾವ ತೂತು ಕೈಗೆ ಸಿಕ್ತೋ ಅದಕ್ಕೆ ಚುಚ್ಚದು. ಇಂದ್ರಾಣಮ್ಮಂದು ಈಗ ಅತ್ತೊಂಬತ್ತರಾಗದೆ ನೋಡು."

ಜೂನ್ 9, ಸೋಮವಾರ

ಬಂಗಾರಪೇಟೆಯ ಮೊಬೈಲ್ ಅಂಗಡಿಗೆ ಹುಡುಗಿ ಬೇಕಂತೆ. ನಂಬರ್ ಕೊಟ್ಟು ಬಂದೆ. ಶಾಲೆ ಯಾಕೆ ಬಿಟ್ಟೆ ಎಂದು ಅಂಗಡಿಯವರು ಕೇಳಿದರು. ಮನೇಲಿ ಕಷ್ಟ ಎಂದರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಷ್ಟವಿರಲಿಲ್ಲ, ಹಸುಗಳಿವೆ, ಡೇರಿಗೆ ಹಾಲು ಹೋಗುತ್ತದೆ. ಬೇಸರ ಬಂತು, ಬಿಟ್ಟೆ ಎಂದೆ. ಅವರು ನಗಲಿಲ್ಲ.

ರಾತ್ರಿ ಅಜ್ಜಿಗೆ ಹೇಳಿದಾಗ ರಾಗಿ ಮುದ್ದೆ ಕಟ್ಟುತ್ತಲೇ ಶುರು ಮಾಡಿದರು. "ಗಾರ್ಮೆಂಟ್ಸ್ ಬಿಟ್ಟೆ. ಜೆರಾಕ್ಸ್ ಅಂಗ್ಡಿ ಬಿಟ್ಟೆ. ಈಗ ಇದೂ ಬಿಡ್ತೀಯಾ? ನಿಂಗಿಂತ ನಮ್ ಕರಾನೇ ವಾಸಿ ಕಣಮ್ಮಿ, ಗೂಟದತ್ರ ಆದ್ರೂ ನಿಂತ್ಕತದೆ."

"ಕರಾಗೆ ಅಗ್ಗ ಅದೆ ಅಜ್ಜಿ."

"ನಿಂಗೂ ಒಂದ್ ಆಕ್ತೀನಿ ಇರು, ನಿಮ್ಮಪ್ಪ ಬರ್ಲಿ."

ಅಕ್ಕಯ್ಯಮ್ಮ ಎಂಬ ಹೆಸರಿನ ಈ ಮುದುಕಿಗೆ ನಾನೊಬ್ಬಳೇ ಎದುರು ಮಾತಾಡುವುದು. ಅದಕ್ಕೇ ನನ್ನ ತಟ್ಟೆಗೆ ದೊಡ್ಡ ಮುದ್ದೆ.

ಜೂನ್ 12, ಗುರುವಾರ

ಮತ್ತೆ ಕರೆಂಟ್ ಹೋಗಿ ಬಂತು. ಪುಣ್ಯಕ್ಕೆ ಇಂದ್ರಾಣಿ ಅಕ್ಕನಿಗೆ ಇವತ್ತು ರಜೆ. ಸೆಲ್ವರಾಜ್ ಅಣ್ಣನನ್ನು ನೇರವಾಗಿ ಕೇಳಿದೆ: ಈ ಪಟ್ಟಿಯನ್ನು ಬೇರೆ ಎಲ್ಲಾದರೂ ಬರೆದಿಡಲು ಸಾಧ್ಯವೇ ಇಲ್ಲವಾ?

"ಇದೆಯಮ್ಮ. ಸ್ವಿಚ್ಚಿಗೆ ಹೇಳಿದ್ರೆ ಅದೇ ಆಗಾಗ ಪಟ್ಟೀನ ಒಂದು ಫೈಲಿಗೆ ಬರೆದು ನಮ್ಮ ಆಫೀಸ್ ಕಂಪ್ಯೂಟರಿಗೆ ಕಳಿಸುತ್ತೆ. ಕರೆಂಟ್ ಬಂದ ಮೇಲೆ ಅದೇ ತಗೊಂಡು ಓದ್ಕೊಳ್ಳುತ್ತೆ."

"ಗೊತ್ತಿದ್ದೂ ಮಾಡಿಲ್ವಾ?"

"ಮಾಡ್ಬೇಕು ಅಂತ ಹೋದ ದೀಪಾವಳಿಯಿಂದ ಅಂದ್ಕೊಳ್ತಾನೇ ಇದೀನಿ."

"ಅಂದ್ಕೊಳ್ಳಕ್ಕೆ ದೀಪಾವಳಿ ಬೇಕಾ?"

ಬೈಯುತ್ತಾರೆ ಎಂದುಕೊಂಡೆ. ಬದಲಿಗೆ ಕುರ್ಚಿ ಎಳೆದು ಕೂರಿಸಿದರು. ಮೇಜಿನ ಮೇಲೆ ಹಳೆಯ ಸ್ವಿಚ್ ಒಂದನ್ನು ಇಟ್ಟು, ಒಂದೊಂದೇ ಸಾಲು ನನ್ನ ಕೈಯಿಂದಲೇ ಟೈಪ್ ಮಾಡಿಸಿದರು. ತಪ್ಪಾದರೆ ಕುತ್ತಿಗೆ ಸವರಿಕೊಳ್ಳುತ್ತಾರೆ, ಏನೂ ಹೇಳುವುದಿಲ್ಲ. ಕೊನೆಗೆ ಪ್ಲಗ್ ಕಿತ್ತು ಹಾಕಿದೆ. ಸ್ವಿಚ್ ಎದ್ದಿತು, ಪಟ್ಟಿ ಹಾಗೇ ಇತ್ತು. ಇನ್ನೊಂದು ಸಲ ಕಿತ್ತೆ. ಮತ್ತೆ ಇತ್ತು. ಇನ್ನೊಂದು ಸಲ ಕೀಳಲು ಹೋದಾಗ, "ಸಾಕು ತಾಯಿ, ಸತ್ತುಹೋಗುತ್ತೆ" ಎಂದರು.

ಜೂನ್ 14, ಶನಿವಾರ

ನಂದಿದುರ್ಗದ ಸ್ವಿಚ್ಚಿಗೂ ಅದೇ ಸಾಲುಗಳನ್ನು ಹಾಕಿದೆವು. ಆಫೀಸಿನಿಂದಲೇ ಆಯಿತು. ನಾನು ಗಾಡಿ ತಗೊಂಡು ಇಂದ್ರಾಣಿ ಅಕ್ಕನ ಮನೆಗೆ ಹೋಗಿ, "ಇನ್ಮೇಲೆ ಹೋಗಲ್ಲ ಅಕ್ಕ. ಸರಿ ಮಾಡಿದೀವಿ" ಎಂದು ಹೇಳಿ ಬಂದೆ. ಕಾಫಿ ಕೊಟ್ಟರು. ಪೆರುಮಾಳ್ ತಾತ ಕಾಲು ಸರಿಸಿ ಮಂಚದ ತುದಿಯಲ್ಲಿ ಜಾಗ ಮಾಡಿಕೊಟ್ಟರು.

ಜೂನ್ 18, ಬುಧವಾರ

ಹೋಯಿತು.

ಕರೆಂಟ್ ಹೋದದ್ದು ಹತ್ತು ನಿಮಿಷವೂ ಇಲ್ಲ. ಬಂದ ಮೇಲೆ ಪಟ್ಟಿ ಖಾಲಿ. ಆಫೀಸಿನ ಕಂಪ್ಯೂಟರಿನಲ್ಲಿ ಫೈಲು ಹುಡುಕಿದರೆ, ಫೈಲು ಇದೆ, ಒಳಗೆ ಏನೂ ಇಲ್ಲ. ಶನಿವಾರದಿಂದ ಒಂದು ಅಕ್ಷರವನ್ನೂ ಬರೆದಿಲ್ಲ.

ಸೆಲ್ವರಾಜ್ ಅಣ್ಣ ನೋಡಿ ಹಣೆ ಹಿಡಿದುಕೊಂಡರು. ಗಡಿಯಾರ. ಪಟ್ಟಿಯಲ್ಲಿ ಪ್ರತಿ ಮನೆಗೂ ಒಂದು ಅವಧಿ ಇರುತ್ತದೆ. ಈಗ ಎಷ್ಟು ಹೊತ್ತು ಎಂದೇ ಗೊತ್ತಿಲ್ಲದ ಸ್ವಿಚ್ಚಿಗೆ ಯಾರ ಅವಧಿ ಮುಗಿದಿದೆ, ಯಾರದು ಉಳಿದಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಹೊರಗಿನಿಂದ ಸರಿಯಾದ ಸಮಯ ಸಿಗುವವರೆಗೆ ಅದು ಫೈಲಿಗೆ ಏನನ್ನೂ ಬರೆಯುವುದಿಲ್ಲ. ಮೇಜಿನ ಮೇಲಿನ ಸ್ವಿಚ್ಚಿಗೆ ಸಮಯ ಸಿಗುತ್ತಿತ್ತು. ಲೈನಿನದಕ್ಕೆ ಸಮಯ ಕೇಳಬೇಕಾದ ವಿಳಾಸವನ್ನೇ ಕೊಟ್ಟಿರಲಿಲ್ಲ. ನಾನು ಮೇಜಿನ ಮೇಲಿದ್ದ ಪ್ಲಗ್ಗನ್ನು ಕಿತ್ತು ಕಿತ್ತು ಸಂತೋಷಪಟ್ಟೆ, ಬೇಕಾಗಿದ್ದ ಫೈಲನ್ನು ಒಂದು ಸಲವೂ ತೆರೆದು ನೋಡಲಿಲ್ಲ.

ಅಕ್ಕನ ಮನೆಗೆ ಹೋದೆ. ಎರಡನೇ ಎಚ್ಚರಿಕೆ ಬಂದಿತ್ತು.

"ನೀನು ಹೇಳ್ದೆ ಅಂತ ನಾನು ಕಂಪನಿಯವರಿಗೂ ಹೇಳ್ಬಿಟ್ಟಿದ್ದೆ," ಎಂದರು. "ಲೈನ್ ಸರಿಯಾಯ್ತು ಮೇಡಂ ಅಂತ."

ಬಾಗಿಲು ಹಾಕಲಿಲ್ಲ. ಹಾಕಿದ್ದರೆ ಒಳ್ಳೆಯದಿತ್ತು.

ಜೂನ್ 20, ಶುಕ್ರವಾರ

ನಿನ್ನೆ ಸಮಯದ ವಿಳಾಸ ಕೊಟ್ಟಾಯಿತು. ಫೈಲು ಈಗ ಬರೆಯುತ್ತಿದೆ. ನಾನೇ ತೆರೆದು ನೋಡಿದೆ.

ಮಧ್ಯಾಹ್ನ ಆಫೀಸಿನ ಫೋನಿಗೆ ಇಂದ್ರಾಣಿ ಅಕ್ಕನ ಕಂಪನಿಯಿಂದ ಒಬ್ಬ ಮೇಡಂ ಮಾಡಿದರು. ನಾನೇ ಎತ್ತಿದೆ.

"ಹದಿನೆಂಟನೇ ತಾರೀಕು ನಿಮ್ಮ ಏರಿಯಾದಲ್ಲಿ ಪವರ್ ಇರಲಿಲ್ಲ ಅಂತ ಇಂದ್ರಾಣಿ ಹೇಳ್ತಿದ್ದಾರೆ. ಹೌದಾ? ಪವರ್ ಪ್ರಾಬ್ಲಮ್ ಆದ್ರೆ ನಾವು ಅದನ್ನ ಲೆಕ್ಕಕ್ಕೆ ಹಿಡಿಯಲ್ಲ."

ಸೆಲ್ವರಾಜ್ ಅಣ್ಣ ಎದುರಿಗೇ ಇದ್ದರು. ಹೌದು ಅನ್ನು ಎಂದು ತಲೆ ಆಡಿಸಿದರು.

"ಸ್ವಲ್ಪ ಹೊತ್ತು ಹೋಗಿತ್ತು ಮೇಡಂ, ಬೇಗ ಬಂತು," ಎಂದೆ. "ಆಮೇಲೆ ಅರ್ಧ ದಿನ ಹೋಗಿದ್ದು ನಮ್ಮ ತಪ್ಪು. ನಾನು ಒಂದು ಫೈಲ್ ನೋಡಿರಲಿಲ್ಲ. ಅಕ್ಕಂದು ಏನೂ ತಪ್ಪಿಲ್ಲ."

"ಅಂದ್ರೆ ನಿಮ್ಮ ಲೈನೇ ಸರಿಯಿಲ್ಲ ಅಂತ ಆಯ್ತಲ್ಲ."

"ಈಗ ಸರಿ ಮಾಡಿದೀವಿ."

"ಹೋದ ಸಲಾನೂ ಇದನ್ನೇ ಹೇಳಿದ್ರಂತೆ," ಎಂದು ಇಟ್ಟುಬಿಟ್ಟರು. ಸಂಜೆ ಗೊತ್ತಾಯಿತು. ಆ ದಿನವನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಇನ್ನೊಂದು ಸಲ ಕಟ್ ಆದರೆ ಅಕ್ಕ ಬೆಂಗಳೂರಿಗೆ ಹೋಗಿ ಕೂರಬೇಕು, ಇಲ್ಲವೇ ಕೆಲಸ ಬಿಡಬೇಕು.

"ಹೌದು ಮೇಡಂ ಅಂತ ಎರಡು ಮಾತು," ಎಂದರು ಸೆಲ್ವರಾಜ್ ಅಣ್ಣ. "ಎರಡೇ ಮಾತು. ನಿನ್ನ ಬಾಯಿಂದ ಏನು ಮುತ್ತು ಉದುರಿ ಹೋಗ್ತಿತ್ತಾ?"

ಅವರು ಕೂಗಿ ಹೇಳಿದ್ದರೆ ನಾನೂ ಕೂಗುತ್ತಿದ್ದೆ. ಮೆತ್ತಗೆ ಹೇಳಿದರು.

ನಾನು ಸುಳ್ಳು ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ರಾತ್ರಿ ಊಟ ಸೇರಲಿಲ್ಲ. ಮಧ್ಯಾಹ್ನ ತಿಂದ ಬಜ್ಜಿ ಇರಬೇಕು.

ಜೂನ್ 24, ಮಂಗಳವಾರ

ದಿನಾ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದ ಕೂಡಲೇ ಕಸ ಗುಡಿಸುವ ಮೊದಲು ಫೈಲು ತೆರೆಯುತ್ತೇನೆ. ಗಡಿಯಾರ ಸರಿಯಿದೆಯಾ, ಕೊನೆಯ ಸಲ ಯಾವಾಗ ಬರೆದಿದೆ, ಹತ್ತೊಂಬತ್ತನೇ ಪೋರ್ಟಿನಲ್ಲಿ ಅಕ್ಕನ ರೂಟರ್ ಇದೆಯಾ. ಮೊದಲು ಅದೊಂದನ್ನೇ ನೋಡುತ್ತಿದ್ದೆ. ಈಗ ಉಳಿದವೂ ಬಾಯಿಗೆ ಬಂದಿವೆ. ಏಳರಲ್ಲಿ ಹನ್ನೊಂದನೇ ಮನೆ, ಎರಡರಲ್ಲಿ ಟೈಲರ್ ಮನೆ, ಹದಿನಾಲ್ಕರಲ್ಲಿ ಟ್ಯೂಷನ್ ಟೀಚರ್.

ನಿನ್ನೆ ಕರೆಂಟ್ ಹೋಗಿತ್ತು. ಪಟ್ಟಿ ವಾಪಸ್ ಬಂತು. ಫೋನ್ ಬರಲಿಲ್ಲ.

ಇವತ್ತು ಪೆಟ್ಟಿಗೆ ನೋಡಲು ಹೋದಾಗ ಪೆರುಮಾಳ್ ತಾತ ತೆರೆದ ಬಾಗಿಲಿನೊಳಗಿನ ಮಂಚದಿಂದ ಕೈ ಮಾಡಿ ಕರೆದರು. "ವಾ ಮ್ಮಾ, ವಾ. ಏನೋ ಪಟ್ಟಿ ಪಟ್ಟಿ ಅಂತಾರಲ್ಲ, ಏನದು?" ಅಕ್ಕ ಒಳಕೋಣೆಯಲ್ಲಿ ಕೆಲಸದಲ್ಲಿದ್ದರು, ಈ ಕಡೆ ತಿರುಗಲಿಲ್ಲ. ನಾನು ಹೇಳಿದೆ. ಪೂರ್ತಿ ಹೇಳುವ ಮೊದಲೇ ತಾತ ಮಂಚದ ಕೆಳಗಿನ ಟ್ರಂಕ್ ಎಳೆಯಲು ಹೇಳಿ, ಹಿತ್ತಾಳೆಯ ಒಂದು ಬಿಲ್ಲೆ ತೆಗೆದರು. ನಂಬರ್ ಕೆತ್ತಿದೆ, ಮೇಲೆ ತೂತು.

"ಗಣಿಗೆ ಇಳಿಯೋವಾಗ ಇದನ್ನ ತಗೊಂಡ್ ಹೋಗ್ಬೇಕು. ಮೇಲೆ ಬಂದ್ಮೇಲೆ ಹಲಗೇಲಿ ನಿನ್ನ ನಂಬರ್ ಇರೋ ಆಣಿಗೇ, ಆ ಮೊಳೆಗೇ, ತೂಗ್ ಹಾಕ್ಬೇಕು. ಆಣಿ ಖಾಲಿ ಇದ್ರೆ ಆಳು ಇನ್ನೂ ಕೆಳಗವ್ನೆ ಅಂತ. ಸುಬ್ರಮಣಿ ಅಂತ ಒಬ್ಬ ಇದ್ದ. ಮ್ಯಾಟ್ನಿ ಶೋಗೆ ಅರ್ಜೆಂಟು. ಓಡಿಬಂದು ಪಕ್ಕದ ಆಣಿಗೆ ಹಾಕ್ಬಿಟ್ಟು ಹೋದ." ತಾತ ಉಸಿರು ತಗೊಂಡರು. "ಇವನ ಆಣಿ ಖಾಲಿ. ಹುಡುಕಕ್ಕೆ ಆಳುಗಳು ಇಳಿದ್ರು. ಅವನ ಹೆಂಡ್ತಿಗೆ ಸುದ್ದಿ ಹೋಯ್ತು. ಬೀದಿಯೆಲ್ಲ ಅಳು. ಸಿನಿಮಾ ಮುಗಿಸ್ಕೊಂಡು ಬಂದೋನು ತನ್ನ ಮನೆ ಮುಂದೇನೇ ಜನ ನೋಡಿ, ಏನ್ ಕೇಳಿದ ಗೊತ್ತಾ? 'ಅಯ್ಯೋ, ಯಾರು ಹೋದ್ರು?' ಅಂದ."

ನಾನು ಜೋರಾಗಿ ನಕ್ಕುಬಿಟ್ಟೆ. ಒಳಗೆ ಟೈಪ್ ಮಾಡುವ ಸದ್ದು ನಿಂತಿತ್ತು.

"ಆಮೇಲೆ?"

"ಆಮೇಲೆ ಏನು, ಹೆಂಡ್ತಿ ಕೈಲಿ ಪೊರಕೆ ಇತ್ತು," ಎಂದು ಒಳಗಿನಿಂದ ಅಕ್ಕನ ದನಿ ಬಂತು. "ಈ ಕತೇನ ಬಂದೋರಿಗೆಲ್ಲ ಹೇಳ್ತಾರೆ."

ನನ್ನೊಂದಿಗೆ ಮಾತಾಡಿದ್ದೋ ಅಪ್ಪನೊಂದಿಗೋ ಗೊತ್ತಿಲ್ಲ.

ಜೂನ್ 30, ಸೋಮವಾರ

ಪೆಟ್ಟಿಗೆ ತೆರೆದರೆ ಸುಟ್ಟ ವಾಸನೆ. ಸ್ವಿಚ್ಚಿನ ಫ್ಯಾನ್ ನಿಂತುಹೋಗಿದೆ. ಮೇಲೆ ಕೈ ಇಡಲು ಆಗುವುದಿಲ್ಲ. ಮುನೀಂದ್ರಣ್ಣ ಮೂಗು ಹತ್ತಿರ ತಂದು, "ಇದ್ ಇನ್ನೆಲ್ಡ್ ದಿನ ಬದ್ಕಿದ್ರೆ ಎಚ್ಚು" ಎಂದರು. ಪೆಟ್ಟಿಗೆಯ ಬಾಗಿಲನ್ನು ಕಲ್ಲು ಕೊಟ್ಟು ತೆರೆದಿಟ್ಟು ಬಂದೆವು. ಸೆಲ್ವರಾಜ್ ಅಣ್ಣ ಹೊಸ ಸ್ವಿಚ್ ತರಲು ಹೋಗಿದ್ದಾರೆ.

ಮೊಬೈಲ್ ಅಂಗಡಿಯವರು ಫೋನ್ ಮಾಡಿದ್ದರು. ಬೆಂಕಿ ಬಿದ್ದ ಹಾಗಿದೆ, ಆಮೇಲೆ ಮಾಡುತ್ತೇನೆ ಎಂದೆ.

ಜುಲೈ 1, ಮಂಗಳವಾರ

ಸೆಲ್ವರಾಜ್ ಅಣ್ಣ ಹೇಳಿದ್ದು: ಹಳೆಯದು ತಾನಾಗಿ ಸಾಯುವ ಮೊದಲು ನಾವೇ ತೆಗೆಯಬೇಕು. ಹೊಸದಕ್ಕೆ ಮೊದಲು ಗಡಿಯಾರ ಸರಿ ಮಾಡಿ, ಆಮೇಲೆ ಹಳೆಯದರ ಪಟ್ಟಿ ಓದಿಸಿ, ಆಮೇಲೆ ವೈರು. ಕಾಲು ಗಂಟೆಯ ಕೆಲಸ. ಅಕ್ಕನ ಕಂಪನಿಯಲ್ಲಿ ಊಟದ ಬಿಡುವಿನಲ್ಲಿ ನೆಟ್ ಹೋದರೆ ಲೆಕ್ಕವಿಲ್ಲ, ಬಿಡುವು ಮುಗಿಯುವಾಗ ಇರಬೇಕು. ಆ ಅರ್ಧ ಗಂಟೆಯಲ್ಲಿ ಮಾಡೋಣ ಎಂದರು.

"ಆಯಮ್ಮನಿಗೆ ಹೇಳಕ್ಕೆ ಹೋಗ್ಬೇಡ, ಸುಮ್ನೆ ಗಾಬರಿ ಮಾಡ್ಕೊಳ್ತಾಳೆ. ಗೊತ್ತಾಗೋ ಮೊದ್ಲೇ ಮುಗಿಸಿಬಿಡೋಣ."

ಹೇಳದೆ ಮಾಡಲು ನನ್ನಿಂದ ಆಗುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿ, "ಹೋಗು, ಹೇಳಿ ಬಾ. ಆದ್ರೆ ಹೇಳೋ ಹಾಗೆ ಹೇಳು" ಎಂದರು. ಹೇಳುವ ಹಾಗೆ ಎಂದರೆ ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಹೊಸಿಲಿನ ಹೊರಗೇ ನಿಂತು ಹೇಳಿದೆ. "ಅಕ್ಕ, ಸ್ವಿಚ್ ಸಾಯೋ ಹಂಗಿದೆ. ಅದೇ ಸತ್ರೆ ನಿಮ್ಮ ನೆಟ್ ಖಂಡಿತ ಹೋಗುತ್ತೆ. ನಾವೇ ಬದಲಾಯಿಸಿದ್ರೆ ಬಹುಶಃ ಉಳಿಯುತ್ತೆ. ಹೋಗಲ್ಲ ಅಂತ ಈ ಸಲ ಹೇಳಲ್ಲ. ನಾಳೆ ಊಟದ ಹೊತ್ತಲ್ಲಿ ಮಾಡೋಣ್ವಾ, ಬೇಡ್ವಾ, ನೀವು ಹೇಳಿದಂಗೆ."

ಅಕ್ಕ ತಾತನ ಮೂಗಿನ ನಳಿಗೆ ಸರಿ ಮಾಡಿ ಈಚೆ ಬಂದರು. 

"ನೀನು ಅಲ್ಲೇ ಇರ್ತೀಯಾ?"

"ಇರ್ತೀನಿ ಅಕ್ಕ."

"ಮುಗಿಯೋವರ್ಗೂ?"

"ಮುಗಿಯೋವರ್ಗೂ."

"ಸರಿ, ಮಾಡಿ."

ತಾತ ಒಳಗಿನಿಂದ, "ನಾನು ಬಾಗಿಲಲ್ಲಿ ನಿಂತು ಕೈ ಎತ್ತಿರ್ತೀನಿ. ನೆಟ್ ಬಂದ್ರೆ ಇಳಿಸ್ತೀನಿ. ಅಲ್ಲಿಂದ ಕಾಣುತ್ತೆ ತಾನೆ?" ಎಂದರು. ಫೋನ್ ಇದೆ ತಾತ, ಬೇಡ ಎಂದೆ. ಯಾರೂ ಕೇಳಲಿಲ್ಲ.

ಜುಲೈ 2, ಬುಧವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಬೆಳಿಗ್ಗೆ ಫೈಲು ನೋಡಿದೆ. ಬರೆದಿದೆ. ಹೊಸ ಸ್ವಿಚ್ಚಿನ ಗಡಿಯಾರ ನೋಡಿದೆ. ಸರಿಯಿದೆ. ಬಿಡುವು ಶುರುವಾದ ಕೂಡಲೇ ಅಕ್ಕ ಮಿಸ್ಡ್ ಕಾಲ್ ಕೊಟ್ಟರು. ಹಳೆಯದರಿಂದ ಕೊನೆಯ ಪ್ರತಿ ತಗೊಂಡು, ಅದನ್ನು ಹೊಸದಕ್ಕೆ ಓದಿಸಿದೆ. ಸೆಲ್ವರಾಜ್ ಅಣ್ಣ ಹಿಂದೆ ನಿಂತು ಕುತ್ತಿಗೆ ಸವರಿಕೊಳ್ಳಲಿಲ್ಲ. ಪಟ್ಟಿಯಲ್ಲಿ ಎಲ್ಲ ಮನೆಗಳೂ ಬಂದವು. ಮುನೀಂದ್ರಣ್ಣ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ವೈರು ಹಾಕುತ್ತಿದ್ದರು. ನಾನು ಗೋಡೆಯ ಈಚೆ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ.

ಎಲ್ಲ ದೀಪಗಳೂ ಉರಿದವು. ಓಣಿಯ ಆ ಕಡೆ ನೋಡಿದೆ. ಅಕ್ಕ ಎತ್ತಿ ನಿಲ್ಲಿಸಿರಬೇಕು, ತಾತ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂ­ತಿದ್ದರು, ಮೂಗಿನ ನಳಿಗೆ ಒಳಗಿನವರೆಗೆ ಎಳೆದುಕೊಂಡಿತ್ತು. ಕೈ ಮೇಲೇ ಇತ್ತು.

ಪಟ್ಟಿ ನೋಡಿದೆ, ಸರಿಯಿದೆ. ಗಡಿಯಾರ ಸರಿಯಿದೆ. ದೀಪ ಉರಿಯುತ್ತಿದೆ. ಕೈ ಇಳಿಯಲಿಲ್ಲ. ತಾತ ಎಡಗೈ ಇಳಿಸಿ ಬಲಗೈ ಎತ್ತಿದರು. ನೆಟ್ ಬಂತು ಎಂದು ಅರ್ಧ ಎದ್ದವಳು ಮತ್ತೆ ಕೂತೆ.

"ಬ್ಯೂಟಿಫುಲ್ಲಾಗದೆ ಬಂದ್ ನೋಡಮ್ಮ," ಎಂದು ಮುನೀಂದ್ರಣ್ಣ ಕರೆದರು. ಎದ್ದು ಹೋದೆ. ಕಾಗೆ ಗೂಡು ಇರಲಿಲ್ಲ. ವೈರುಗಳು ಬಾಚಿದ ಕೂದಲಿನ ಹಾಗೆ ಸಾಲಾಗಿ, ಟೈ ಹಾಕಿ ಕಟ್ಟಿದ್ದವು. "ಒಂದನೇ ಮನೆ ಒಂದಕ್ಕೆ, ಎರಡನೇದು ಎರಡಕ್ಕೆ. ಒಸಾ ಸ್ವಿಚ್ಚು, ಒಸಾ ಸಾಲು. ಇನ್ಮ್ಯಾಕೆ ಯಾರೂ ಉಡುಕೋ ಅಂಗಿಲ್ಲ."

ನಾಲ್ಕನೇ ಮನೆ ನಾಲ್ಕಕ್ಕೆ. ಪಟ್ಟಿಯಲ್ಲಿ ಅಕ್ಕನ ರೂಟರ್ ಹತ್ತೊಂಬತ್ತರಲ್ಲಿದೆ. ನಾಲ್ಕರಿಂದ ಬಂದದ್ದನ್ನು ಸ್ವಿಚ್ ಕಳ್ಳ ಎಂದುಕೊಂಡು ಹೊರಗೆ ನಿಲ್ಲಿಸಿದೆ. ಪಕ್ಕದ ಆಣಿ.

ಮೊದಲಾಗಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ. ಅನ್ನಲು ಸಮಯ ಇರಲಿಲ್ಲ. "ಅಣ್ಣ, ತುಂಬ ಚೆನ್ನಾಗಿದೆ, ಕತ್ತರಿ ಕೊಡಿ," ಎಂದೆ.

"ಯಾಕಮ್ಮಿ?"

"ಹಳೇ ಜಾಗಕ್ಕೇ ಹೋಗ್ಬೇಕು. ಎಲ್ಲವೂ."

"ಎಲ್ಲಾನಾ?" ಅವರ ಮುಖ ನೋಡಲು ಆಗಲಿಲ್ಲ. ಆದರೆ ಟೈಗಳನ್ನು ಅವರೇ ಕತ್ತರಿಸಿದರು. ನಾಲ್ಕರ ವೈರು ಕಿತ್ತೆ. ಹತ್ತೊಂಬತ್ತರಲ್ಲಿ ಇನ್ನೊಂದು ಮನೆಯದು ಕೂತಿತ್ತು, ಅದನ್ನೂ ಕಿತ್ತು ಸೆಲ್ವರಾಜ್ ಅಣ್ಣನ ಕೈಗೆ ಕೊಟ್ಟು, ಅಕ್ಕನದನ್ನು ಚುಚ್ಚಿದೆ. ಟಕ್ ಎಂದಿತು. ದೀಪ ಕೆಂಪಗಾಯಿತು, ಹಸಿರಾಯಿತು.

ಓಣಿಯ ಕಡೆ ನೋಡಿದೆ. ಕೈ ಮೇಲಿತ್ತು.  ತಾತ ಒಳಗೆ ತಿರುಗಿ ಏನೋ ಕೇಳಿದರು. ಆಮೇಲೆ ಕೈ ಇಳಿಯಿತು. ಹಾಗೇ ಇಳಿದು, ಚೌಕಟ್ಟು ಹಿಡಿದು, ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು.

ನಾನು ಪೆಟ್ಟಿಗೆಯ ಕಡೆ ತಿರುಗಿದೆ.  ಉಳಿದ ಮನೆಗಳಿದ್ದವು. "ಟೈಲರ್ ಮನೇದು ಎರಡಕ್ಕೆ, ಹನ್ನೊಂದನೇ ಮನೇದು ಏಳಕ್ಕೆ, ಟೀಚರ್‌ದು ಹದಿನಾಲ್ಕಕ್ಕೆ," ಎಂದು ನಾನು ಹೇಳುತ್ತ ಹೋದೆ, ಮುನೀಂದ್ರಣ್ಣ ಚುಚ್ಚುತ್ತ ಹೋದರು. ಮುಗಿದಾಗ ಪೆಟ್ಟಿಗೆಯಲ್ಲಿ ಮತ್ತೆ ಕಾಗೆ ಗೂಡು.

"ಅಷ್ಟ್ ಸೆಂದಾಗಿತ್ತು," ಎಂದರು ಅವರು.

"ಇತ್ತು ಅಣ್ಣ. ನಿಮಗೆ ನಾನು ಮೊದಲೇ ಹೇಳ್ಬೇಕಿತ್ತು," ಎಂದೆ.

ಜುಲೈ 3, ಗುರುವಾರ

ಬಿಡುವು ಮುಗಿಯುವ ಮೊದಲೇ ನೆಟ್ ಬಂದಿತ್ತು, ಕಂಪನಿಯವರು ಏನೂ ಕೇಳಲಿಲ್ಲ. ಅಕ್ಕನ ಮನೆಯಲ್ಲಿ ಕಾಫಿ. "ಇನ್ನು ಹೋಗಲ್ವಾ?" ಎಂದು ಕೇಳಿದರು. ಹೋಗಬಹುದು, ಹೋದರೆ ಬರುತ್ತೇನೆ ಎಂದೆ. ತಲೆ ಆಡಿಸಿ ಇನ್ನೊಂದು ಲೋಟ ಬಗ್ಗಿಸಿದರು.

ಜುಲೈ 8, ಮಂಗಳವಾರ

ವೈರುಗಳಿಗೆ ಗುರುತು ಬೇಕು ಎಂದು ಮುನೀಂದ್ರಣ್ಣ ಮತ್ತು ನಾನು ಮಾತಾಡಿಕೊಳ್ಳುತ್ತಿದ್ದೆವು. ಕಾಗದ ಅಂಟಿಸಿದರೆ ಮಳೆಗೆ ಹೋಗುತ್ತದೆ. ಹಾಗೇ ಮಾತಿಗೆ ತಾತನನ್ನು, ನಿಮ್ಮ ಬಿಲ್ಲೆ ಕೊಟ್ಟುಬಿಡಿ, ನಿಮ್ಮನೆ ವೈರಿಗೆ ಕಟ್ಟೋಣ ಎಂದು ಕೇಳಿದೆ.

"ಅದು ಕೊಡಲ್ಲ. ಅದು ನಂದು," ಎಂದರು. ಆಮೇಲೆ ಪೌಡರ್ ಡಬ್ಬಿಯ ತಗಡನ್ನು ದುಂಡಗೆ ಕತ್ತರಿಸಿ ತಾ ಎಂದರು. ಮೊಳೆ, ಸುತ್ತಿಗೆ ಕೇಳಿದರು. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಚುಕ್ಕಿ ಚುಕ್ಕಿಯಾಗಿ ಬಡಿದರು. ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದರು. ಒಂದು ಬಿಲ್ಲೆಗೆ ಇಡೀ ಬೆಳಿಗ್ಗೆ. 19 ಎಂದು ಬಂತು. ಒಂಬತ್ತು ಸ್ವಲ್ಪ ಸೊಟ್ಟ.

"ಮಿಕ್ಕಿದ್ದೋರಿಗೆ?" ಎಂದೆ.

"ತಗಡು ತಾ."

ಮುನೀಂದ್ರಣ್ಣ ಅದನ್ನು ವೈರಿಗೆ ಕಟ್ಟಿ, ಇನ್ನು ಯಾರ ಹೆಣಕ್ಕೆ ಇಳಿಸಿದರೂ ತನ್ನ ಮನೆಗೇ ಬರುತ್ತದೆ ಎಂದರು. ಸೆಲ್ವರಾಜ್ ಅಣ್ಣ ಬೆಮೆಲ್ ನಗರದ ಸ್ವಿಚ್ಚಿನ ಪಟ್ಟಿಯನ್ನೂ ನೋಡಿಕೊಳ್ಳಲು ಹೇಳಿದ್ದಾರೆ. ಅದಕ್ಕೆ ಗಡಿಯಾರವೇ ಇಲ್ಲ.

ಜುಲೈ 17, ಗುರುವಾರ

ಹನ್ನೊಂದು ಗಂಟೆಗೆ ನಂದಿದುರ್ಗದಲ್ಲಿ ಕರೆಂಟ್ ಹೋಯಿತು. ಅಕ್ಕ ಕೆಲಸದಲ್ಲಿರುವ ಹೊತ್ತು. ಅವರ ರೂಟರ್ ಪಕ್ಕದಲ್ಲಿ ಕಂಪನಿಯ ಬ್ಯಾಟರಿ ಇದೆ, ಅರ್ಧ ಗಂಟೆ ತಡೆಯುತ್ತದೆ. ಸ್ವಿಚ್ ತಡೆಯುವುದಿಲ್ಲ. ನೆಟ್ ಕೆಲವು ನಿಮಿಷ ಹೋದರೆ ಕಂಪನಿಯವರು ಕೇಳುವುದಿಲ್ಲ, ವಾಪಸ್ ಬರಬೇಕು ಅಷ್ಟೇ. ಫೋನಿಗೆ ಕಾಯದೆ ಗಾಡಿ ತಗೊಂಡು ಹೋದೆ. ನಾನು ತಲುಪುವಷ್ಟರಲ್ಲಿ ಕರೆಂಟ್ ಬಂದಿತ್ತು, ಸ್ವಿಚ್ ಏಳುತ್ತಿತ್ತು. ಪೆಟ್ಟಿಗೆ ತೆರೆದು ನಿಂತೆ. ದೀಪಗಳು ಒಂದೊಂದೇ ಹಸಿರಾದವು. ವೈರುಗಳಿಗೆ ಕಟ್ಟಿದ ತಗಡಿನ ಬಿಲ್ಲೆಗಳು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು.

ಓಣಿಯ ಕಡೆ ನೋಡಿದೆ. ಯಾರೂ ಬಾಗಿಲಿಗೆ ಬರಲಿಲ್ಲ. ಟೈಲರ್ ಮನೆಯ ಮಿಷನ್ ಓಡುತ್ತಿತ್ತು. ನಾಲ್ಕನೇ ಮನೆಯಿಂದ ಟೈಪ್ ಮಾಡುವ ಸದ್ದು, ಅದರ ನಡುವೆ ತಗಡಿನ ಮೇಲೆ ಮೊಳೆ ಬಡಿಯುವ ಸದ್ದು, ನಿಂತು ನಿಂತು.

ನಾನು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಪೆಟ್ಟಿಗೆ ಮುಚ್ಚಿ ಗಾಡಿ ತಿರುಗಿಸಿದೆ.